ಆವಿಗೆಗೆ ಹೋದ ಗೂಡು

"ಗುರುಗಳೇ, ಒಮ್ಮೆ ಬಂದ ಚೆಲುವನ್ನು ಬಂದ ಹಾಗೇ ಉಳಿಸಿಕೊಳ್ಳುವುದು ಹೇಗೆ?"

ಕೇಳಿದವನು ಸಂಗಯ್ಯ, ಮಠದಲ್ಲಿ ಹಾಡುವ ಶಿಷ್ಯ. ಹೋದ ವರ್ಷ ಒಂದು ಬೆಳಗ್ಗೆ ಅವನ ಬಾಯಲ್ಲಿ ತಾನಾಗಿ ಒಂದು ಪದ ಹುಟ್ಟಿತ್ತು. ಕೇಳಿದವರು ಕಣ್ಣೊರೆಸಿಕೊಂಡಿದ್ದರು. ಅಂದಿನಿಂದ ಅವನು ಬೇರೆ ಪದ ಕಟ್ಟಿರಲಿಲ್ಲ. ದಿನವೂ ಅದನ್ನೇ ಹಾಡುತ್ತಿದ್ದ. ಅದೇ ಏರು, ಅದೇ ಇಳಿವು, ಉಸಿರು ತೆಗೆದುಕೊಳ್ಳುವ ಜಾಗವೂ ಅದೇ. ಆದರೂ ಅದು ಅಂದಿನ ಹಾಗೆ ಬರುತ್ತಿಲ್ಲ ಎಂಬ ಕೊರಗು ಅವನನ್ನು ತಿನ್ನುತ್ತಿತ್ತು.

ಗುರುಗಳು ಅವನ ಮುಖ ನೋಡಿದರು. "ಕೂತುಕೋ. ಕತೆ ಉದ್ದ ಇದೆ. ಕಾಲು ಜೋಮು ಹಿಡಿದರೆ ನನ್ನನ್ನು ಬೈಯಬೇಡ" ಎಂದು ಶುರು ಮಾಡಿದರು.

ಒಬ್ಬ ಕುಂಬಾರನಿದ್ದ. ಅಪ್ಪನಿಂದ ತಿಗರಿ ತಿರುಗಿಸುವುದನ್ನು ಕಲಿತ. ಅಪ್ಪ ಮಾಡುತ್ತಿದ್ದದ್ದು ನೀರಿನ ಗಡಿಗೆ, ಸಾರಿನ ಗಡಿಗೆ, ಅಷ್ಟೇ. ಅಜ್ಜನೂ ಅದನ್ನೇ ಮಾಡಿದ್ದ. ಮಗನ ಕೈ ಚುರುಕಾಗಿತ್ತು, ಕಣ್ಣು ಮಾತ್ರ ಅಂಡಲೆಯುತ್ತಿತ್ತು. ಮಣ್ಣು ತರಲು ಕೆರೆಗೆ ಕಳಿಸಿದರೆ ಬುಟ್ಟಿಯನ್ನು ದಂಡೆಯ ಮೇಲಿಟ್ಟು, ನೀರಿನಲ್ಲಿ ಏಳುವ ಗುಳ್ಳೆಗಳನ್ನು ನೋಡುತ್ತ ಕೂತುಬಿಡುತ್ತಿದ್ದ. ಅಪ್ಪ ಹುಡುಕಿಕೊಂಡು ಬಂದು, ಬೈದು, ಬುಟ್ಟಿಯನ್ನು ತಾನೇ ಹೊತ್ತುಕೊಂಡು ಹೋಗುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಬೈಯುವವರು ಇಲ್ಲವಾದರು. ಆಗ ಅವನ ಕೈ ಬಿಚ್ಚಿಕೊಂಡಿತು. ಒಂದು ವರ್ಷ ಗೀಜಗನ ಗೂಡಿನ ಹಾಗೆ ಜೋತುಬಿದ್ದ ಹೊಟ್ಟೆಯ ಗಡಿಗೆ ಮಾಡಿದ. ಮರುವರ್ಷ ಮಾಡಿದ್ದು ಬೇಲದ ಹಣ್ಣಿನ ಹಾಗೆ ದುಂಡಗಿತ್ತು, ಮೈ ಒರಟಾಗಿತ್ತು. ಆಮೇಲೊಮ್ಮೆ ಇನ್ನೇನು ಬಿರಿಯಲಿರುವ ಹತ್ತಿಕಾಯಿಯ ಹಾಗೆ. ಹಗಲು ಹೊಲ, ಹಳ್ಳ, ಬೇಲಿ ಎಂದು ಸುಮ್ಮನೆ ತಿರುಗುತ್ತಿದ್ದ. ನೋಡಿದ್ದು ನಿದ್ದೆಯಲ್ಲಿ ಮೆತ್ತಗೆ ತಿರುಗುತ್ತಿತ್ತು. ಬೆಳಗ್ಗೆ ಎದ್ದು ಕೈಯಲ್ಲಿ ಹಸಿಮಣ್ಣು ಹಿಡಿದು ಕೂತರೆ ಅದು ತಿಗರಿಯ ಮೇಲೂ ತಿರುಗುತ್ತಿತ್ತು. ತಾನು ಮಾಡುತ್ತಿದ್ದೇನೋ, ಇನ್ನೂ ಮಲಗಿಯೇ ಇದ್ದೇನೋ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ.

ಊರಿನಲ್ಲಿ ಒಂದು ರೂಢಿಯೇ ಆಗಿಹೋಯಿತು. ಅವನು ಗಡಿಗೆ ಸುಡುವ ಆವಿಗೆಯನ್ನು ಬಿಚ್ಚುವ ದಿನ ಜನ ಬಂದು ಸುತ್ತ ನಿಲ್ಲುತ್ತಿದ್ದರು. ಬೂದಿ ಸರಿಸುವ ಮೊದಲೇ ಯಾರಾದರೂ ಕೇಳುತ್ತಿದ್ದರು, ಈ ಸಲ ಏನು ಕಂಡು ಬಂದೆ ಎಂದು. ಅವನು ನಗುತ್ತ ಒಂದನ್ನು ಹೊರಗೆ ತೆಗೆಯುತ್ತಿದ್ದ. ಅವರು ಊಹಿಸಬೇಕು. ಕೆಲವರು ಸರಿಯಾಗಿ ಹೇಳುತ್ತಿದ್ದರು, ಕೆಲವರು ಏನೇನೋ ಹೇಳಿ ನಗೆಪಾಟಲಾಗುತ್ತಿದ್ದರು. ಅವನ ಬದುಕಿನ ಒಳ್ಳೆಯ ವರ್ಷಗಳು ಅವು.

ಆದರೆ ಅವನಿಗೊಂದು ಕೊರತೆ ಕಾಡುತ್ತಿತ್ತು. ಹೊಟ್ಟೆ ಎಷ್ಟು ಹೊಸದಾದರೂ ಕೊರಳಿಗೆ ಬರುವಾಗ ಬೆರಳು ಹಳೆಯ ದಾರಿಗೇ ಇಳಿಯುತ್ತಿತ್ತು. ಹೊಟ್ಟೆ ಇವನದು, ಕೊರಳು ಅಪ್ಪನದು. ಬೇರೆಯವರಿಗೆ ಅದು ಕಾಣುತ್ತಿರಲಿಲ್ಲ. ಇವನಿಗೆ ಮಾತ್ರ ಪ್ರತಿ ಗಡಿಗೆಯ ಮೇಲೂ ಅಪ್ಪ ಕೂತು ಗದರಿದ ಹಾಗೆ ಆಗುತ್ತಿತ್ತು.

ಒಂದು ಮಳೆಗಾಲ ಮುಗಿಯುತ್ತ ಬಂದಾಗ ಅವನು ತನ್ನ ಅಂಗಳದ ಗೋಡೆಯ ಮೇಲೆ ಕುಂಬಾರ ಹುಳುವನ್ನು ಕಂಡ.

ನೋಡು, ಕುಂಬಾರ ಹುಳು ಎಂದ ಕೂಡಲೇ ನಿನ್ನ ಮುಖ ಅರಳಿತು. ಅದು ಬೇರೊಂದು ಹುಳುವನ್ನು ಗೂಡಿನಲ್ಲಿಟ್ಟು, ಗುಂಯ್‌ಗುಟ್ಟಿ, ತನ್ನಂತೆಯೇ ಮಾಡಿಕೊಳ್ಳುತ್ತದೆ. ಗುರುವೂ ಶಿಷ್ಯನನ್ನು ಹಾಗೇ ಮಾಡುತ್ತಾನೆ ಎಂದು ಪುರಾಣ ಹೇಳುವವರಿಂದ ಸಾಕಷ್ಟು ಕೇಳಿದ್ದೀಯ. ಇದು ಆ ಕತೆ ಅಲ್ಲ. ನಿನ್ನನ್ನು ನನ್ನಂತೆ ಮಾಡುವ ಆಸೆ ನನಗಿಲ್ಲ, ಒಬ್ಬ ನಾನೇ ಸಾಕಾಗಿದ್ದೇನೆ. ಸುಮ್ಮನೆ ಕೇಳು.

ಆ ಹುಳು ಬಾಯಲ್ಲಿ ಹಸಿಮಣ್ಣಿನ ಉಂಡೆ ತಂದು ಗೋಡೆಗೆ ಮೆತ್ತುತ್ತಿತ್ತು. ಸುತ್ತು ಬರುತ್ತ ಮೆತ್ತುತ್ತಿತ್ತು. ಬೋರೆಹಣ್ಣಿನಷ್ಟು ದೊಡ್ಡ ಒಂದು ಗಡಿಗೆ ಎದ್ದಿತು. ಕೊನೆಗೆ ಅದಕ್ಕೊಂದು ಕೊರಳು ಎಳೆದು, ಬಾಯಿಯ ಅಂಚನ್ನು ಹೊರಕ್ಕೆ ಮಗುಚಿತು. ಕುಂಬಾರ ಉಸಿರು ಬಿಗಿಹಿಡಿದ. ಅಂಥ ಕೊರಳನ್ನು ಅವನು ಕಂಡಿರಲಿಲ್ಲ. ಅದು ಅಪ್ಪನದಾಗಿರಲಿಲ್ಲ, ಅಜ್ಜನದಾಗಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

ಆಮೇಲೆ ಆ ಹುಳು ಹಸಿರು ಮರಿಹುಳುಗಳನ್ನು ತಂದು ಗಡಿಗೆಯೊಳಗೆ ತುರುಕಿತು. ತುಂಬಿದ ಮೇಲೆ ಮಣ್ಣು ತಂದು ಬಾಯಿಗೆ ಮೆತ್ತಿತು. ಮಗುಚಿದ ಅಂಚು, ಕೊರಳು ಎಲ್ಲ ಆ ಮಣ್ಣಿನಲ್ಲಿ ಹೂತುಹೋಯಿತು. ಗೋಡೆಯ ಮೇಲೆ ಉಳಿದದ್ದು ಒಂದು ಮಣ್ಣಿನ ಗುಬುಟು.

ಕುಂಬಾರನಿಗೆ ಹೊಟ್ಟೆ ಉರಿಯಿತು. ಇಷ್ಟು ಚೆಂದದ ಬಾಯಿ ಮಾಡಿ ತಾನೇ ಒರೆಸಿಹಾಕಿತಲ್ಲ, ಎಂಥ ಬುದ್ಧಿಗೇಡಿ ಇದು ಎಂದುಕೊಂಡ. ಅದೂ ಹಸಿ ಮಣ್ಣು. ಒಂದು ಜೋರು ಮಳೆ ಬಿದ್ದರೆ ಮುಗಿಯಿತು. ಈ ಹುಳುವಿಗೆ ಗಡಿಗೆ ಮಾಡಲು ಬರುತ್ತದೆ, ಸುಡಲು ಬರುವುದಿಲ್ಲ ಎಂದು ಮರುಕಪಟ್ಟ. ಬೇರೆ ಯಾರಾದರೂ ಆಗಿದ್ದರೆ ನೋಡಿ ಮುಂದೆ ಹೋಗುತ್ತಿದ್ದರು. ಇವನು ಕುಂಬಾರ, ಹಸಿಗಡಿಗೆ ಕಂಡರೆ ಕೈ ಸುಮ್ಮನಿರುವುದಿಲ್ಲ.

ಮರುದಿನ ಇನ್ನೊಂದು ಗೂಡು ಎದ್ದಿತು. ಬಾಯಿಯ ಅಂಚು ಮಗುಚಿ ಮುಗಿದ ಮೇಲೆ ಹುಳು ಹಾರಿಹೋಯಿತು. ಅವನು ಗೂಡಿನೊಳಗೆ ಇಣುಕಿದ. ಕತ್ತಲಿತ್ತು, ಖಾಲಿ ಎಂದುಕೊಂಡ. ಒಳಗೆ ನೆತ್ತಿಯಿಂದ ಒಂದು ಎಳೆಯಲ್ಲಿ ಮೊಟ್ಟೆ ತೂಗುತ್ತಿರುತ್ತದೆ. ಅದು ಅವನಿಗೆ ಗೊತ್ತಿರಲಿಲ್ಲ. ಚಾಕುವಿನ ತುದಿಯಿಂದ ಗೂಡನ್ನು ಹಗುರಾಗಿ ಎಬ್ಬಿಸಿಕೊಂಡ.

ಅವನ ಹೆಂಡತಿ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಗೋಡೆಯ ಕಡೆ ನೋಡಿ ಹೇಳಿದಳು: "ಅಲ್ಲಿ ನೋಡ್ರಿ. ಅದು ಬುತ್ತಿ ಹೊತ್ಕೊಂಡು ಬಂದೈತಿ. ಇಡಾಕ ಗಡಿಗಿ ಇಲ್ದ ಗ್ವಾಡಿ ಸುತ್ತಾಕ ಹತ್ತೈತಿ."

"ಇನ್ನೊಂದು ಮಾಡ್ಕೊಂತೈತಿ ಬಿಡು. ಅದಕ್ಕೇನು ಮಣ್ಣಿನ ಬರ ಐತೇನು?"

ಹುಳು ಹಸಿರು ಮರಿಹುಳುವನ್ನು ಹಿಡಿದುಕೊಂಡು ಬಹಳ ಹೊತ್ತು ಸುತ್ತಿತು. ಗೂಡು ಇದ್ದ ಜಾಗದಲ್ಲಿ ಕೂತಿತು, ಎದ್ದಿತು, ಮತ್ತೆ ಕೂತಿತು. ಆಮೇಲೆ ಮರಿಹುಳುವನ್ನು ಕೆಳಗೆ ಬಿಟ್ಟು ಮಣ್ಣಿಗೆ ಹೋಯಿತು. ಕುಂಬಾರ ಅದನ್ನು ನೋಡಲಿಲ್ಲ. ಅವನ ಗಮನವೆಲ್ಲ ಅಂಗೈಯಲ್ಲಿದ್ದ ಗೂಡಿನ ಮೇಲಿತ್ತು.

ಅವನು ಅದನ್ನು ಒಂದು ಮುಚ್ಚಳದ ಬಟ್ಟಲಿನಲ್ಲಿ ಬೂದಿ ತುಂಬಿ, ನಡುವೆ ಹೂತು, ಆವಿಗೆಗೆ ಇಟ್ಟ. ಒಡೆಯಿತು. ಮತ್ತೊಂದು ತೆಗೆದ. ಅದೂ ಒಡೆಯಿತು. ಹುಳುಗಳು ಮಾಡುತ್ತ ಹೋದವು, ಇವನು ತೆಗೆಯುತ್ತ ಹೋದ. ಕೊನೆಗೆ ಒಂದು ಒಡೆಯದೆ ಬಂತು. ಕೆಂಪಗೆ, ಗಟ್ಟಿಯಾಗಿ, ಕೊರಳು, ಅಂಚು ಯಾವುದೂ ಮುಕ್ಕಾಗದೆ ಬಂತು. ಉಗುರಿನಿಂದ ತಟ್ಟಿದರೆ ಟಿಣ್ ಎಂದಿತು. ಅವನು ಅದನ್ನು ನೀರಿನಲ್ಲಿ ಅದ್ದಿ ನೋಡಿದ. ಕರಗಲಿಲ್ಲ. ಕುಣಿದಾಡಿಬಿಟ್ಟ.

ಮರುವರ್ಷ ಗೋಡೆಗೆ ಯಾವ ಹುಳುವೂ ಬರಲಿಲ್ಲ. ಅವನಿಗೆ ಅದರ ಬಗ್ಗೆ ಯೋಚನೆ ಇರಲಿಲ್ಲ. ಬೇಕಾದದ್ದು ಸಿಕ್ಕಿತ್ತಲ್ಲ.

ಅಲ್ಲಿಂದ ಅವನ ಹೆಸರು ಬೆಳೆಯಿತು. ಆ ಪುಟ್ಟ ಗಡಿಗೆಯನ್ನು ತಿಗರಿಯ ಮುಂದೆ ಇಟ್ಟುಕೊಂಡು ಅದರ ಕೊರಳನ್ನೇ ತನ್ನ ಗಡಿಗೆಗಳಿಗೆ ಎಳೆದ. ವರ್ತಕರು ದೂರದಿಂದ ಬಂದರು. ಅರಮನೆಗಳಲ್ಲಿ, ಮಠಗಳಲ್ಲಿ ಅವನ ಗಡಿಗೆಗಳು ಕೂತವು. ನೋಡಿದವರು ಬಾಯಿಯ ಅಂಚನ್ನು ಬೆರಳಿನಿಂದ ಸವರದೆ ಬಿಡುತ್ತಿರಲಿಲ್ಲ. ಇದು ಇಂಥವನ ಕೈ ಎಂದು ಗುರುತು ಹಿಡಿಯುತ್ತಿದ್ದರು. ಅವನು ಬೇರೆ ಏನನ್ನೂ ಮಾಡಲಿಲ್ಲ. ಹೊಲ, ಹಳ್ಳ, ಬೇಲಿಯ ಕಡೆ ಹೋಗುವುದು ನಿಂತಿತು. ಕಣ್ಣ ಮುಂದೆಯೇ ಇರುವಾಗ ಹುಡುಕುವುದು ಏನನ್ನು? ಆವಿಗೆ ಬಿಚ್ಚುವ ದಿನ ಈಗಲೂ ಜನ ಬರುತ್ತಿದ್ದರು, ಕೊಂಡುಕೊಂಡು ಹೋಗುತ್ತಿದ್ದರು. ಏನು ಕಂಡು ಬಂದೆ ಎಂದು ಕೇಳುವವರು ಮಾತ್ರ ಇರಲಿಲ್ಲ.

ಹೀಗೇ ವರ್ಷಗಳು ಹೋದವು. ತಲೆ ನೆರೆಯಿತು. ಒಂದು ಬೆಳಗ್ಗೆ ಅವನಿಗೆ ಒಂದು ವಿಷಯ ಹೊಳೆದು ಭಯವಾಯಿತು. ಅವನಿಗೆ ಕನಸು ಬಿದ್ದು ಎಷ್ಟು ಕಾಲವಾಗಿತ್ತೋ ನೆನಪಿರಲಿಲ್ಲ. ತಿಗರಿಯ ಮೇಲೆ ಗಡಿಗೆ ಏಳುತ್ತಿತ್ತು, ಕೊರಳು ಸರಿಯಾಗಿ ಬರುತ್ತಿತ್ತು. ಹುಲ್ಲುಕಡ್ಡಿಯಿಂದ ಅಳೆದರೆ ಪುಟ್ಟ ಗಡಿಗೆಯ ಪ್ರಮಾಣದಲ್ಲೇ ಇತ್ತು. ಆದರೆ ನೋಡಿದರೆ ಮನಸ್ಸಿಗೆ ಏನೂ ಆಗುತ್ತಿರಲಿಲ್ಲ. ಅಪ್ಪ ಇಳಿದುಹೋಗಿದ್ದ, ಸರಿ. ಅವನ ಜಾಗದಲ್ಲಿ ಈಗ ತಾನೇ ಕೂತು ಗದರುತ್ತಿದ್ದೇನೆ ಎಂದು ಅವನಿಗೆ ಅನಿಸಿತು.

ಆ ಪುಟ್ಟ ಗಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡ. ಹೆಂಡತಿಗೆ ಹೇಳಿ ಹೊರಟ. ಆ ಹುಳುವನ್ನು ಮತ್ತೊಮ್ಮೆ ನೋಡಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಅವಳು ಬುತ್ತಿ ಕಟ್ಟಿಕೊಟ್ಟಳು. ಬೇಗ ಬರ್ರಿ ಎನ್ನಲಿಲ್ಲ.

ಅವನು ನಡೆದ. ಕಂಡ ಕಂಡ ಗೋಡೆಗಳನ್ನು ನೋಡುತ್ತ ನಡೆದ. ಬಿದ್ದ ಮನೆ, ಬಾವಿಯ ಕಟ್ಟೆ, ತೋಟದ ಬೇಲಿ. ಜನ ಇವನನ್ನು ಅರೆಮರುಳ ಎಂದುಕೊಂಡರು. ಬಹಳ ಕಾಲದ ಮೇಲೆ ಅವನು ದಾರಿಯಲ್ಲಿ ಗುಳ್ಳೆ ನೋಡಿದ, ಕಾಯಿ ನೋಡಿದ, ಮೋಡದ ಹೊಟ್ಟೆ ನೋಡಿದ. ಎಲ್ಲವೂ ಹೊಗೆಯಾಚೆ ಇದ್ದ ಹಾಗೆ ಕಾಣುತ್ತಿತ್ತು. ಎಷ್ಟು ದೂರ ಬಂದೆ ಎಂಬ ಲೆಕ್ಕವೂ ತಪ್ಪಿತು.

ಒಂದು ನದಿಯ ದಂಡೆಯಲ್ಲಿ ಹಾಳು ಮಂಟಪವಿತ್ತು. ಅದರ ಗೋಡೆಯ ತುಂಬ ಗೂಡುಗಳು. ಹುಳುಗಳು ನದಿಯ ಮಣ್ಣು ತರುತ್ತಿದ್ದವು, ಮೆತ್ತುತ್ತಿದ್ದವು. ಕುಂಬಾರ ಅಲ್ಲೇ ಕುಸಿದು ಕೂತ. ಕಳೆದುಹೋದ ತವರು ಸಿಕ್ಕವಳ ಹಾಗೆ ಅತ್ತುಬಿಟ್ಟ.

ಅತ್ತು ಮುಗಿದ ಮೇಲೆ ಏನು ಮಾಡಿದ ಗೊತ್ತೇ? ಸೊಂಟದಿಂದ ಆ ಪುಟ್ಟ ಗಡಿಗೆಯನ್ನು ತೆಗೆದು, ಬುಡಕ್ಕೆ ಹಸಿಮಣ್ಣು ಹಚ್ಚಿ, ಗೂಡುಗಳ ನಡುವೆ ಗೋಡೆಗೆ ಅಂಟಿಸಿದ. ಯಾಕೆ ಎಂದು ಕೇಳಬೇಡ. ಪಶ್ಚಾತ್ತಾಪ ಎನ್ನುವವರು ಅನ್ನಲಿ. ನನ್ನನ್ನು ಕೇಳಿದರೆ, ತಾನು ಉಳಿಸಿದ್ದನ್ನು ಆ ಹುಳುಗಳು ಒಮ್ಮೆ ನೋಡಿ ಮೆಚ್ಚಬೇಕು ಎಂಬ ಆಸೆ. ಕಲಾವಿದರ ಆಸೆಗೆ ಹುಳುವಿನ ಮೆಚ್ಚುಗೆಯೂ ಸಾಲುತ್ತದೆ.

ಒಂದು ಹುಳು ಬಂತು. ಗಡಿಗೆಯ ಮೇಲೆ ನಡೆದಾಡಿತು. ಬಾಯಿಯ ಅಂಚನ್ನು ಮುಟ್ಟಿ ನೋಡಿತು. ಬಾಲವನ್ನು ಒಳಗೆ ಇಳಿಸಿ ಮೊಟ್ಟೆ ಇಟ್ಟಿತು. ಕುಂಬಾರನಿಗೆ ನಂಬಿಕೆಯೇ ಬರಲಿಲ್ಲ. ಹುಳು ಹೋಗಿ ಹಸಿರು ಮರಿಹುಳುಗಳನ್ನು ತಂದು ತುಂಬಿತು. ಆಮೇಲೆ ಮಣ್ಣು ತಂದು ಬಾಯಿ ಮುಚ್ಚಿತು. ಅವನು ಮೊದಲ ಸಲ ಅದನ್ನು ಸಿಟ್ಟಿಲ್ಲದೆ ಕೊನೆಯವರೆಗೂ ನೋಡಿದ. ನನ್ನ ತಪ್ಪು ಮನ್ನಾ ಆಯಿತು ಎಂದುಕೊಂಡ.

ಅವನು ಮಂಟಪದಲ್ಲೇ ಉಳಿದ. ದೋಣಿಯವರು ಕೊಟ್ಟದ್ದನ್ನು ಉಂಡ. ಹಗಲೆಲ್ಲ ಗೋಡೆಗೆ ಎದುರಾಗಿ ಒರಗಿಕೊಂಡು, ನದಿಯ ಬೆಳಕು ಗೂಡುಗಳ ಮೇಲೆ ಅಲುಗುವುದನ್ನು ನೋಡುತ್ತಿದ್ದ. ಕಣ್ಣು ಮುಚ್ಚಿದರೂ ಅದೇ ಅಲುಗಾಟ. ಒಂದು ದಿನ ಅವನಿಗೆ ಕನಸು ಬಿತ್ತು. ಕನಸಿನಲ್ಲಿ ಅವನು ಒಂದು ಗಡಿಗೆಯೊಳಗೆ ಇದ್ದ. ಬೆಚ್ಚಗಿತ್ತು. ಎಚ್ಚರವಾದಾಗ ಹಗುರಾಗಿದ್ದ.

ಚಂದ್ರ ತುಂಬಿ ಕರಗುವಷ್ಟರಲ್ಲಿ ಗೂಡುಗಳು ಬಿಚ್ಚತೊಡಗಿದವು. ಒಳಗೆ ಬುತ್ತಿ ತಿಂದು ಬೆಳೆದ ಮರಿ ಮಣ್ಣಿಗೆ ಎಂಜಲು ಹಚ್ಚಿ, ನೆನೆಸಿ, ಕಚ್ಚಿ, ಪಕ್ಕದಲ್ಲಿ ತೂತು ಮಾಡಿಕೊಂಡು ಹೊರಗೆ ಬರುತ್ತಿತ್ತು. ಬಿಸಿಲಿನಲ್ಲಿ ರೆಕ್ಕೆ ಆರಿಸಿಕೊಂಡು ಹಾರುತ್ತಿತ್ತು. ಒಂದಾದ ಮೇಲೆ ಒಂದು ಗೂಡು ಹೀಗೆ ತೂತಾಯಿತು. ಕುಂಬಾರ ಪ್ರತಿಯೊಂದಕ್ಕೂ ಹಿಗ್ಗಿದ. ತನ್ನ ಗಡಿಗೆಯ ಸರದಿಗಾಗಿ ಕಾದ.

ಅದು ಬಿಚ್ಚಲಿಲ್ಲ.

ಅವನು ಹತ್ತಿರ ಹೋಗಿ ಕಿವಿ ಇಟ್ಟ. ಒಳಗಿನಿಂದ ಕರಕರ ಸದ್ದು ಬರುತ್ತಿತ್ತು. ಮರಿ ಕಚ್ಚುತ್ತಿತ್ತು. ಎಂಜಲು ಹಚ್ಚಿ ಕಚ್ಚುತ್ತಿತ್ತು. ಕುಂಬಾರನಿಗೆ ಆಗ ಅರ್ಥವಾಯಿತು. ಹಸಿಮಣ್ಣು ನೆನೆಯುತ್ತದೆ, ಸುಟ್ಟ ಮಣ್ಣು ನೆನೆಯುವುದಿಲ್ಲ. ತನ್ನ ಗಡಿಗೆಗೆ ನೀರು ಏನೂ ಮಾಡಲಾರದು ಎಂದು ಇಷ್ಟು ವರ್ಷ ಹೆಮ್ಮೆ ಕೊಚ್ಚಿಕೊಂಡವನು ಅವನೇ.

ಅವನು ಗಡಿಗೆಯನ್ನು ಗೋಡೆಯಿಂದ ಬಿಡಿಸಿ ನದಿಗೆ ಓಡಿದ. ನೀರು ಚಿಮುಕಿಸಿದ. ಗೊತ್ತಿದ್ದೂ ಚಿಮುಕಿಸಿದ. ಆಮೇಲೆ ಜಾಲಿಯ ಮುಳ್ಳು ಕಿತ್ತು, ತಾಯಿಹುಳು ಮುಚ್ಚಿದ್ದ ಹಸಿಮಣ್ಣನ್ನು ಗಡಿಗೆಯ ಬಾಯಿಂದ ಕೆದಕಿ ತೆಗೆದ. ಅಂಚಿಗೆ ಗೀರು ಬೀಳದ ಹಾಗೆ, ಬಲು ನಾಜೂಕಾಗಿ ತೆಗೆದ. ಬಾಯಿ ತೆರೆಯಿತು. ಒಳಗೆ ಎರಡು ಮೀಸೆಗಳು ಅಲುಗಿದವು. ಮರಿ ತಲೆ ತಂದು ಬಾಯಿಗೆ ಒತ್ತಿತು. ತಲೆ ಹಿಡಿಸಲಿಲ್ಲ. ಆ ಕೊರಳು ಎಳೆಯ ಮರಿಹುಳು ಒಳಗೆ ತೂರುವಷ್ಟು ಇತ್ತು. ರೆಕ್ಕೆ ಬಂದ ಮೈ ಹೊರಗೆ ಬರುವಷ್ಟು ಇರಲಿಲ್ಲ. ಅವನು ಜೀವನವೆಲ್ಲ ಪೂಜಿಸಿದ ಕೊರಳು ಅದು.

ಮಂಟಪದ ಮೆಟ್ಟಿಲ ಮೇಲೆ ಗಡಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಕೂತ. ಮನೆಗೆ ಒಯ್ದು ಹದವಾದ ಉಳಿ ಹಿಡಿದು ಪಕ್ಕದಲ್ಲಿ ತೂತು ಕೊರೆದರೆ ಹೇಗೆ ಎಂದು ಯೋಚಿಸಿದ. ಮನೆ ಎಷ್ಟು ದೂರ ಇತ್ತೋ. ಈ ಕೊರಳನ್ನು ಒಮ್ಮೆ ಮಣ್ಣಿನಲ್ಲಿ ಒತ್ತಿ ಅಚ್ಚು ತೆಗೆದಿಟ್ಟುಕೊಳ್ಳಲೇ ಎಂದು ಯೋಚಿಸಿದ. ಮಣ್ಣು ಆರಬೇಕಲ್ಲ. ಇಂಥದ್ದು ಇನ್ನೊಂದು ಇಲ್ಲ ಎಂದು ನೆನೆದ. ಇದು ಹೋದರೆ ನನ್ನ ಕೈಗೆ ಇನ್ನೇನು ಗತಿ ಎಂದು ಹೆದರಿದ. ಹೀಗೆ ಅವನು ಯೋಚಿಸುತ್ತಿದ್ದಾಗ ಅಂಗೈಯಲ್ಲಿ ಸದ್ದು ಸಣ್ಣದಾಗುತ್ತಿತ್ತು. ಕರಕರ ಎಂಬುದು ಕರ್ ಎಂದಾಯಿತು. ನಡುನಡುವೆ ನಿಲ್ಲತೊಡಗಿತು.

ಇಲ್ಲಿಗೆ ಬಂದು ಗುರುಗಳು ಸುಮ್ಮನಾದರು.

ಸಂಗಯ್ಯ ಮೊಣಕಾಲ ಮೇಲೆ ಎದ್ದಿದ್ದ. "ಒಡೆಯಬಾರದೇ ಅವನು! ಒಂದೇ ಏಟಿಗೆ ಒಡೆದುಬಿಡಬಾರದೇ!" ಎಂದು ಕೂಗಿದ. ಕೂಗಿದ್ದು ಮಠದ ಅಂಗಳಕ್ಕೆಲ್ಲ ಕೇಳಿಸಿತು.

ಒಡೆದ, ಎಂದರು ಗುರುಗಳು. ಮೆಟ್ಟಿಲ ಕಲ್ಲಿಗೆ ಬಡಿದ. ಅವನ ಬೆರಳಿಗೂ ಪೆಟ್ಟಾಯಿತು. ಜೀವಮಾನದಲ್ಲಿ ಬೇಕೆಂದೇ ಅವನು ಒಡೆದ ಮೊದಲ ಗಡಿಗೆ ಅದು. ಚೂರುಗಳ ನಡುವೆ ಮರಿ ಅಲುಗದೆ ಬಿದ್ದಿತ್ತು. ಅವನು ಅದನ್ನು ಬೊಗಸೆಗೆ ಎತ್ತಿಕೊಂಡು ಬಿಸಿಲಿಗೆ ಹಿಡಿದ. ನೀನು ಬದುಕು, ನನಗೆ ಏನೂ ಬೇಡ ಎಂದು ಬಾಯಿಬಿಟ್ಟು ಬೇಡಿಕೊಂಡ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಕಾಲು ಅಲುಗಿತು. ಮತ್ತೊಂದು ಅಲುಗಿತು. ಮರಿ ಎದ್ದು ಅವನ ಹೆಬ್ಬೆರಳಿನ ಮೇಲೆ ಹತ್ತಿ ಕೂತಿತು. ಮುದುಡಿದ ರೆಕ್ಕೆಗಳು ನಿಧಾನವಾಗಿ ಬಿಚ್ಚಿಕೊಂಡವು. ಹಾರಿ ನದಿಯ ಮೇಲೆ ಹೋಯಿತು. ಎಲ್ಲಿಯವರೆಗೆ ಕಾಣಿಸಿತೋ ಅಲ್ಲಿಯವರೆಗೆ ಅವನು ನೋಡಿದ. ಚೂರುಗಳನ್ನು ಆಯ್ದುಕೊಳ್ಳಲಿಲ್ಲ.

"ಸದ್ಯ" ಎಂದು ಸಂಗಯ್ಯ ಉಸಿರು ಬಿಟ್ಟು ಕೂತ. ಅವನ ಕಣ್ಣು ಒದ್ದೆಯಾಗಿತ್ತು. ಮುಖದ ತುಂಬ ನೆಮ್ಮದಿ ಇತ್ತು.

ಗುರುಗಳು ಅವನ ಕಡೆ ಬಾಗಿ ಮೆಲ್ಲಗೆ ಕೇಳಿದರು: "ವರ್ಷದಿಂದ ನೀನು ಆ ಪದವನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದೀಯಲ್ಲ ಮಗು, ಅದರೊಳಗೆ ಸದ್ದು ಇನ್ನೂ ಇದೆಯೇ?"